ಆರು ತಿಂಗಳ ಸಾಕ್ಷಿ

"ನಾನು ರಂಗೂನಿಗೆ ಹೋಗಿದ್ದೇನೆ ಅಂತ ಪೊಲೀಸಿಗೆ ಹೇಳಿದ್ದು ನೀವಾ?"

ಕುರ್ಲಾ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳೆಲ್ಲ ಇಡ್ಲಿ ಬಿಟ್ಟು ತಲೆಯೆತ್ತಿದರು. ಗಲ್ಲಾದ ಮುಂದೆ ಪ್ರಫುಲ್ಲಾ ನಿಂತಿದ್ದಳು. ಕೈಯಲ್ಲಿ ಸರ್ಕಾರಿ ಕಾಗದ, ಕಣ್ಣಲ್ಲಿ ಕೆಂಡ!

ಗಲ್ಲಾದ ಹಿಂದೆ ಕೂತಿದ್ದ ಸದಾನಂದ ಎಣಿಸುತ್ತಿದ್ದ ಚಿಲ್ಲರೆ ಬಿಟ್ಟು ಎದ್ದುನಿಂತ. ಹೋಟೆಲಿನ ಮೇಲಿನ ಚಾಳಿಗೆ ಅವಳು ಬಂದು ಎಂಟು ತಿಂಗಳಾಗಿತ್ತು. ಎಂಟು ತಿಂಗಳಲ್ಲಿ ಅವನೊಂದಿಗೆ ಅವಳು ಆಡಿದ ಮೊದಲ ಮಾತು ಇದು.

"ಅದು... ಪೊಲೀಸ್ ಅಂತ ಗೊತ್ತಾಯ್ತು. ಹಾಗಾಗಿ ಹೇಳಿದ್ದು..."

"ಎಂತ ಹೇಳಿದ್ದು?"

"ಊರಿಗೆ ಹೋಗಿದ್ದಾರೆ ಅಂತ."

ಬೊಂಬಾಯಿಯ ನಮ್ಮ ಹೋಟೆಲುಗಳಲ್ಲಿ ಇದು ಮೊದಲ ಪಾಠ. ಖಾಕಿಯವರು ಯಾರ ಹೆಸರು ಹಿಡಿದು ಕೇಳಿದರೂ ಉತ್ತರ ಒಂದೇ, ಊರಿಗೆ ಹೋಗಿದ್ದಾರೆ. ತಟ್ಟೆ ತೊಳೆಯಲು ಸೇರಿದ ದಿನವೇ ಇದನ್ನು ಕಲಿಸುತ್ತಾರೆ. ಸದಾನಂದ ಹೇಳಿದ್ದೂ ಕಾಪಾಡಲೆಂದೇ. "ಯಾವ ಊರು?" ಎಂದಾಗ ಅವಳು ಹುಟ್ಟಿದ ರಂಗೂನನ್ನು ಹೇಳಿದ್ದ. "ಎಷ್ಟು ದಿನವಾಯ್ತು?" ಎಂದಾಗ ಎರಡು ತಿಂಗಳೆಂದು ಸೇರಿಸಿದ್ದ. ಸುಳ್ಳು ಹೇಳಲು ಹೊರಟ ಮೇಲೆ ಜಿಪುಣತನ ಯಾಕೆ!

ಆದರೆ ಪ್ರಫುಲ್ಲಾಳಿಗೆ ಬೇಕಿದ್ದುದು ಅವಳು ಇಲ್ಲೇ ಇದ್ದಾಳೆ ಎನ್ನುವ ಒಂದೇ ಒಂದು ಮಾತು.

ಅವಳು ಬರ್ಮಾದಲ್ಲಿ ಹುಟ್ಟಿದವಳು. ಅಪ್ಪ ತೀರಿಕೊಂಡ ಮೇಲೆ ೧೯೫೭ರ ಫೆಬ್ರವರಿಯಲ್ಲಿ ಹಡಗು ಹತ್ತಿ, ಚಾಳಿನಲ್ಲಿದ್ದ ದೊಡ್ಡಮ್ಮ ಅಕ್ಕುವಿನ ಕೋಣೆಗೆ ಬಂದಿದ್ದಳು. ಹೊಸ ಕಾನೂನಿನಂತೆ, ಭಾರತೀಯ ಮೂಲದವರು ಅರ್ಜಿಗೆ ಮುಂಚಿನ ಆರು ತಿಂಗಳು ಇಲ್ಲೇ ವಾಸವಿದ್ದರೆ ಪೌರತ್ವಕ್ಕೆ ಹೆಸರು ನೋಂದಾಯಿಸಬಹುದಿತ್ತು. ಆಗಸ್ಟ್ ಕೊನೆಗೆ ಅರ್ಜಿ ಹಾಕಿದಳು. ಅದರ ವಿಚಾರಣೆಗೇ ಆ ಪೊಲೀಸ್ ಹೋಟೆಲಿಗೆ ಬಂದದ್ದು. ಈಗ ಅಕ್ಟೋಬರಿನಲ್ಲಿ ಉತ್ತರ ಬಂದಿತ್ತು. ಅರ್ಜಿದಾರಳು ಎರಡು ತಿಂಗಳು ದೇಶದಲ್ಲಿರಲಿಲ್ಲ, ಅರ್ಜಿ ತಿರಸ್ಕೃತ! ಇಲ್ಲಿರಲು ಅವಳಿಗಿದ್ದ ಪರವಾನಗಿ ನವೆಂಬರ್ ಕೊನೆಗೆ ಮುಗಿಯುತ್ತಿತ್ತು.

"ಆಮೇಲೆ ನನ್ನನ್ನು ಹಡಗು ಹತ್ತಿಸ್ತಾರೆ. ಅಲ್ಲಿ ನನಗೆ ಯಾರೂ ಇಲ್ಲ. ಗೊತ್ತುಂಟಾ ನಿಮಗೆ?"

ಅಳು ಬರ್ತಾ ಇದೆ... ಇಲ್ಲ, ಇವನೆದುರು ಮಾತ್ರ ಅಳಲಾರೆ! ಸರಕ್ಕನೆ ತಿರುಗಿ ಹೊರಟುಹೋದಳು.

ಮರುದಿನ ಮಧ್ಯಾಹ್ನ ಸದಾನಂದ ಒಗೆದ ಅಂಗಿ ಹಾಕಿಕೊಂಡು ಚಾಳಿನ ಮೆಟ್ಟಿಲು ಹತ್ತಿ ಬಂದ. ಪ್ರಫುಲ್ಲಾಳ ಕಡೆ ನೋಡುವ ಧೈರ್ಯವಿಲ್ಲದೆ ಅಕ್ಕುವಿನ ಜೊತೆ ಮಾತಾಡಿದ.

"ಅಕ್ಕು ಅಮ್ಮ, ಕಚೇರಿಯಲ್ಲಿ ವಿಚಾರಿಸಿದೆ. ಭಾರತೀಯನನ್ನು ಮದುವೆಯಾದವರಿಗೆ ಆರು ತಿಂಗಳ ಕಟ್ಟಲೆಯೇ ಇಲ್ಲವಂತೆ. ನಾನು... ಇವರನ್ನು ಮದುವೆ ಆಗ್ತೇನೆ."

"ದೇವರು ಕಣ್ಣು ಬಿಟ್ಟ!" ಅಕ್ಕು ಕೈ ಮುಗಿದೇಬಿಟ್ಟಳು. "ಒಳ್ಳೆ ಹುಡುಗ ಮಗಾ, ಒಪ್ಪಿಕೋ."

ಪ್ರಫುಲ್ಲಾಳ ಮೈಯೆಲ್ಲ ಉರಿಯಿತು. ಎಂಟು ತಿಂಗಳು ತುಟಿ ಬಿಚ್ಚದವನು, ಈಗ ಮಾಡಿದ ತಪ್ಪಿಗೆ ದಂಡ ಕಟ್ಟುವ ಹಾಗೆ ತಾಳಿ ಕಟ್ಟಲು ಬಂದಿದ್ದಾನೆ!

"ನನಗೆ ಬೇಡ."

"ಏನೇ ಇದು..."

"ಬೇಡ ದೊಡ್ಡಮ್ಮ. ದಿನಾ ಲೋಕಲ್ ರೈಲಿನಲ್ಲಿ ನಿಂತುಕೊಂಡು ಮಾಟುಂಗಾದ ಪ್ರೆಸ್ಸಿಗೆ ಹೋಗಿ ಪುಸ್ತಕ ಹೊಲಿದದ್ದು ಈ ಕೈ. ಇಲ್ಲಿ ಬದುಕಿದ್ದು ನಾನು. ಆ ಆರು ತಿಂಗಳು ನನ್ನದು! ಅದನ್ನು ಅಳಿಸಿ, ಇಂಥವರ ಹೆಂಡತಿ ಅಂತ ಬರೆಸಿಕೊಂಡು ಈ ದೇಶದವಳಾಗ್ಬೇಕಾ? ಆಗುವುದಿಲ್ಲ."

ಸದಾನಂದನ ಮುಖ ಸಣ್ಣಗಾಯಿತು. "ಮತ್ತೆ ನಾನು ಎಂತ ಮಾಡ್ಲಿ? ನೀವೇ ಹೇಳಿ."

"'ನಾನು ಸುಳ್ಳು ಹೇಳಿದೆ' ಅಂತ ಕಚೇರಿಗೆ ಬಂದು ಹೇಳಿ. ಸೋಮವಾರ ನಾನು ಹೋಗ್ತೇನೆ."

"ಅವನನ್ನೇ ಹಿಡಿದು ಒಳಗೆ ಹಾಕ್ತಾರೆ ಮಾರಾಯ್ತಿ!" ಎಂದಳು ಅಕ್ಕು.

"ಹಾಕಲಿ! ಪ್ರೆಸ್ಸಿನವರು ಹೆಂಗಸರ ಹಾಜರಿ ಬರೆಯುವುದಿಲ್ಲ. ಸಂಬಂಧಿಕರ ಮಾತು ನಡೆಯುವುದಿಲ್ಲವಂತೆ. ಚಾಳಿನವರು ಖಾಕಿ ಕಂಡರೆ ಬಾಗಿಲು ಹಾಕ್ತಾರೆ. ನನಗೆ ಬೇರೆ ಯಾವ ಸಾಕ್ಷಿಯೂ ಇಲ್ಲ."

ಸದಾನಂದ ಮೆಟ್ಟಿಲು ಇಳಿದುಹೋದ. ಹೆದರಿದ, ಅಂದುಕೊಂಡಳು ಪ್ರಫುಲ್ಲಾ. ಅಷ್ಟೇ ಇವನ ಮದುವೆಯ ಧೈರ್ಯ!

ಸೋಮವಾರ ಒಬ್ಬಳೇ ಹೋದಳು. ಮೇಜಿನ ಹಿಂದಿದ್ದ ಅಧಿಕಾರಿ ಸಿದ್ದಲಿಂಗಪ್ಪ ಧಾರವಾಡದ ಕಡೆಯವರು. ಅವಳ ಕಡತ ತಿರುವಿಹಾಕಿ ನಿಟ್ಟುಸಿರುಬಿಟ್ಟರು.

"ನಾ ಏನ್ ಮಾಡ್ಲಿವಾ? ಇನ್ನೊಮ್ಮೆ ಆರು ತಿಂಗಳ ಇದ್ದು ಅರ್ಜಿ ಹಾಕು."

"ಇರಲಿಕ್ಕೆ ಪರವಾನಗಿ ಕೊಡದವರೂ ನೀವೇ, ಇದ್ದು ಬಾ ಅನ್ನುವವರೂ ನೀವೇ! ಸರ್, ಪುನಃ ವಿಚಾರಣೆ ಮಾಡ್ತೇವೆ ಅಂತ ಬರೆದುಕೊಡಿ. ಅಲ್ಲಿವರೆಗೆ ನಾನು ಈ ಕುರ್ಚಿಯಿಂದ ಏಳುವುದಿಲ್ಲ."

"ಏಳೂದಿಲ್ಲ?"

"ಏಳುವುದಿಲ್ಲ."

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಪ್ರಫುಲ್ಲಾ ತಿರುಗಿ ನೋಡಿದಳು. ಸದಾನಂದ!

"ಸಾಹೇಬ್ರೆ, ಆ ಪೊಲೀಸಿಗೆ ನಾನು ಹೇಳಿದ್ದು ಸುಳ್ಳು. ಇವರು ಎಲ್ಲಿಗೂ ಹೋಗಿಲ್ಲ. ಒಂದು ದಿನ ಕೂಡ."

"ಸುಳ್ಳು ಬರಿಸೀರಿ ಅಂದ್ರ ಕೇಸ್ ಆಗ್ತದ. ಗೊತ್ತದ ಇಲ್ಲೋ?"

"ಗೊತ್ತುಂಟು."

ಸಿದ್ದಲಿಂಗಪ್ಪ ಕನ್ನಡಕದ ಮೇಲಿಂದ ನೋಡಿದರು. "ಒಂದ್ ದಿನಾನೂ ಹೋಗಿಲ್ಲಂತ ನಿಮಗ ಹೆಂಗ ಗೊತ್ತು? ದಿನಾ ಕಾಯ್ಕೊಂತ ಕುಂತಿದ್ರೇನು?"

"ಹೌದು."

ಸದಾನಂದ ನೆಲ ನೋಡುತ್ತಲೇ ಮುಂದುವರಿಸಿದ.

"ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಇಳೀತಾರೆ. ಭಾನುವಾರ ಕೆಳಗಿನ ನಳಕ್ಕೆ ನೀರಿಗೆ ಬರ್ತಾರೆ. ಏಪ್ರಿಲಿನಲ್ಲಿ ನಾಲ್ಕು ದಿನ ಇಳಿಯಲಿಲ್ಲ, ಜ್ವರ ಇತ್ತು. ಚಹಾ ಮಾಡುವ ಐತಣ್ಣನ ಕೈಯಲ್ಲಿ ಗಂಜಿ ಕಳಿಸಿದ್ದು ನಾನು. ಜೂನಿನಲ್ಲಿ ಚಪ್ಪಲಿ ಹರಿದು ಒಂದು ವಾರ ಬರಿಗಾಲಲ್ಲಿ ಹೋದರು. ಕೇಳಬೇಕು ಅಂತ ಇತ್ತು, ಬಾಯಿ ಬರಲಿಲ್ಲ... ಎರಡು ತಿಂಗಳು ಇರಲಿಲ್ಲ ಅಂತ ಹೇಳಿದ್ದೆನಲ್ಲ ಸಾಹೇಬ್ರೆ? ಎರಡು ದಿನ ಇವರು ಕಾಣದಿದ್ದರೆ ನನಗೆ ಆ ಗಲ್ಲಾದಲ್ಲಿ ಕೂರಲಿಕ್ಕೇ ಆಗ್ತಿರಲಿಲ್ಲ."

ಪ್ರಫುಲ್ಲಾ ಅವನನ್ನೇ ನೋಡಿದಳು. ಆ ಗಂಜಿ... ದೊಡ್ಡಮ್ಮ ಹೇಳಿ ತರಿಸಿದ್ದು ಅಂದುಕೊಂಡಿದ್ದೆನಲ್ಲ! ಹೋಟೆಲಿನಲ್ಲಿ ಬಾರದಂತೆ ತಡೆದಿದ್ದ ಅಳು ಇಲ್ಲಿ, ಸರ್ಕಾರಿ ಮೇಜಿನ ಮುಂದೆ, ಹೇಳದೆ ಕೇಳದೆ ಬಂದುಬಿಟ್ಟಿತು.

ಸಿದ್ದಲಿಂಗಪ್ಪ ಲೇಖನಿ ಎತ್ತಿಕೊಂಡರು. "ಹಂಗೇ ಬರ್ಕೊಳ್ಳಲೇನು?"

"ಬರ್ಕೊಳ್ಳಿ."

"ಸಹಿ ಹಾಕ್ರಿ ಹಂಗಾದ್ರ."

ಸುಳ್ಳಿನ ಫಲವನ್ನೂ ಸದಾನಂದ ಉಂಡ. ಇಡೀ ಒಂದು ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಹೊಟ್ಟೆ ತುಂಬ ಬೈದು ಕಳಿಸಿದರು. ಅವನ ಧೈರ್ಯ ನೋಡಿ, ಮರುವಿಚಾರಣೆಗೆ ಬಂದ ಪೊಲೀಸಿಗೆ ಈ ಸಲ ಚಾಳಿನ ಹೆಂಗಸರೆಲ್ಲ ಸುತ್ತುಗಟ್ಟಿ ನಿಂತು, ಪ್ರಫುಲ್ಲಾ ಇಲ್ಲೇ ಇದ್ದಳೆಂದು ಹೇಳಿದರು.

ನವೆಂಬರ್ ಇಪ್ಪತ್ತೈದಕ್ಕೆ ಪ್ರಫುಲ್ಲಾ ಪ್ರತಿಜ್ಞೆ ಮಾಡಿ, ಪ್ರಮಾಣಪತ್ರ ಹಿಡಿದು ಹೊರಗೆ ಬಂದಳು. ಅದರಲ್ಲಿ ಅವಳ ಹೆಸರಿತ್ತು, ಅಪ್ಪನ ಹೆಸರಿತ್ತು. ಮೂರು ಸಲ ಓದಿಕೊಂಡಳು.

ಗೇಟಿನ ಹತ್ತಿರ ಸದಾನಂದ ಕಾಯುತ್ತಿದ್ದ.

"ಆಯ್ತಾ?"

"ಆಯ್ತು!"

"ಇನ್ನು ನಿಮಗೆ ಯಾರ ಹಂಗೂ ಇಲ್ಲ." ನಗಲು ನೋಡಿದ. ಸರಿಯಾಗಿ ಆಗಲಿಲ್ಲ. "ನಾನು ಬರ್ತೇನೆ. ಹೋಟೆಲಿಗೆ ಹೊತ್ತಾಯ್ತು..."

"ನಿಲ್ಲಿ. ಆವತ್ತು ಮದುವೆ ಆಗ್ತೇನೆ ಅಂದದ್ದು ನನ್ನ ಕಾಗದಕ್ಕಾ, ನನಗಾ?"

"ನಿಮಗೆ," ಎಂದ ಮೆಲ್ಲಗೆ. "ಕಾಗದದ ನೆಪ ಸಿಕ್ಕಿತು. ಇಲ್ಲದಿದ್ದರೆ ಕೇಳುವ ಧೈರ್ಯ ನನಗೆಲ್ಲಿತ್ತು?"

"ನನಗೆ ಉಂಟು. ನಾನು ಕೇಳ್ತೇನೆ ಈಗ. ನನ್ನನ್ನು ಮದುವೆ ಆಗ್ತೀರಾ?"

ಸದಾನಂದ ದಂಗಾಗಿ ನಿಂತ. ದಾರಿಹೋಕರು ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು.

"ಈಗ ನಿಮಗೆ ಅದರ ಅಗತ್ಯವೇ ಇಲ್ಲವಲ್ಲ..."

"ಇಲ್ಲ," ಎಂದಳು ಪ್ರಫುಲ್ಲಾ, ಅವನ ಕೈ ಹಿಡಿದು. "ಅಗತ್ಯಕ್ಕಲ್ಲ. ನೀವು ಬೇಕು ಅಂತ."