ಎಡಬದಿಯ ಇಪ್ಪತ್ತೆರಡು ಫೋಟೋಗಳು

ಬೆಳಿಗ್ಗೆ ಏಳಕ್ಕೆ ನರ್ಸ್ ಡ್ಯೂಟಿಗೆ ಬಂದಾಗ ಮ್ಯಾನೇಜರು ಕಾರಿಡಾರಿನಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

"ನೋಡಿ ಸಿಸ್ಟರ್, ನೋಡಿ! ಹಾಡಹಗಲೇ ದರೋಡೆ!"

"ಇನ್ನೂ ಸರಿಯಾಗಿ ಹಗಲೇ ಆಗಿಲ್ಲ ಸಾರ್," ಎನ್ನುತ್ತಾ ಅವಳು ಗೋಡೆಯತ್ತ ತಿರುಗಿದಳು.

ಸೀಳುತುಟಿಯೊಂದಿಗೆ ಹುಟ್ಟಿದ ಬಡವರ ಮಕ್ಕಳಿಗೆ ಬಿಡಿಗಾಸೂ ಪಡೆಯದೆ ಶಸ್ತ್ರಚಿಕಿತ್ಸೆ ಮಾಡುವ ಪುಟ್ಟ ಆಸ್ಪತ್ರೆ ಅದು. ನಡೆಯುತ್ತಿದ್ದುದು ದಾನಿಗಳಿಂದ. ಅವರಿಗೆ ತೋರಿಸಲೆಂದೇ ಆ ಗೋಡೆಯಲ್ಲಿ ಮೂರು ಸಾಲಾಗಿ ಇಪ್ಪತ್ತಮೂರು ಚೌಕಟ್ಟು. ಒಂದೊಂದರಲ್ಲೂ ಒಂದು ಮಗುವಿನ ಎರಡು ಫೋಟೋ: ಎಡಕ್ಕೆ ಆಪರೇಷನ್ನಿಗೆ ಮೊದಲಿನದು, ಬಲಕ್ಕೆ ನಂತರದ್ದು. ಕೆಳಗೆ ಹೆಸರಿಲ್ಲ, ವಯಸ್ಸು ಮಾತ್ರ. ಈಗ ಬಲಬದಿಯ ನಗುಗಳೆಲ್ಲ ಇದ್ದಲ್ಲೇ ಇದ್ದವು, ಎಡಬದಿಗಳು ಖಾಲಿ. ನಿನ್ನೆ ಸಂಜೆಯಷ್ಟೇ ಹಾಕಿದ್ದ ಹೊಸ ಟ್ಯೂಬ್‌ಲೈಟಿನಲ್ಲಿ ಆ ಖಾಲಿ ಜಾಗಗಳು ಕಣ್ಣಿಗೆ ಚುಚ್ಚುತ್ತಿದ್ದವು. ಒಂದೇ ಒಂದು ಹಳೆಯ ಫೋಟೋ ಉಳಿದಿತ್ತು, ಬಣ್ಣ ಮಾಸಿದ ಹುಡುಗನದು. 'ವಯಸ್ಸು ಐದು.'

"ಹತ್ತು ಗಂಟೆಗೆ ಬೇಕರಿ ಅಮ್ಮನವರು ಬರ್ತಾರೆ. ವರ್ಷಕ್ಕೆ ಹತ್ತು ಮಕ್ಕಳ ಆಪರೇಷನ್ ಅವರದೇ. ಏನು ತೋರಿಸ್ಲಿ? ಕಳ್ಳಿ ಯಾರು ಅಂತ ನಂಗೊತ್ತು. ನಿನ್ನೆ ಜಗಳ ಆಡಿದ್ಲಲ್ಲ, ಆ ತಾಯಿ!"

ಜಗಳ ನಡೆದದ್ದು ನಿಜ. ಬಟ್ಟೆ ಇಸ್ತ್ರಿ ಮಾಡಿ ಬದುಕುವ ಆ ಹೆಂಗಸು ನಾಲ್ಕು ವರ್ಷದ ಮಗಳು ಗುಬ್ಬಿಯನ್ನು ಸೊಂಟದ ಮೇಲೆ ಹೊತ್ತು ಇದೇ ಕಾರಿಡಾರಿನಲ್ಲಿ, "ನನ್ನ ಮಗು ಮುಖ ಗೋಡೆಗೆ ನೇತುಹಾಕ್ಬೇಡಿ. ನಾಳೆ ಅವಳು ದೊಡ್ಡೋಳಾಗಲ್ವಾ?" ಎಂದು ಅತ್ತಿದ್ದಳು. ಫೋಟೋ ಇಲ್ಲದಿದ್ದರೆ ದಾನಿಗಳ ಮನಸ್ಸು ಕರಗುವುದಿಲ್ಲ ಎಂಬುದು ಮ್ಯಾನೇಜರರ ವಾದ.

"ಹತ್ತರೊಳಗೆ ಫೋಟೋ ಸಿಗದಿದ್ರೆ ಇವತ್ತಿನ ಆಪರೇಷನ್ ಗುಬ್ಬಿಗಲ್ಲ, ಪಟ್ಟಿಯಲ್ಲಿರೋ ಮುಂದಿನ ಮಗುಗೆ," ಎಂದು ಅವರು ಮೀಸೆ ತಿರುವುತ್ತಾ ಹೋದರು.

ನರ್ಸ್ ನೇರ ಹೋದದ್ದು ಹೊಲಿಗೆ ಕೋಣೆಗೆ. ಅಲ್ಲಿ ಮಕ್ಕಳ ಗೌನು, ಹಾಸಿಗೆಯ ಹೊದಿಕೆ ಹೊಲಿಯುವ ಟೈಲರಮ್ಮ ಇದ್ದರು. ವಯಸ್ಸು ಅರವತ್ತೆರಡು, ಸೂಜಿಗಿಂತ ಚುರುಕು. ಔಷಧದ ಫ್ರಿಜ್ಜಿನಿಂದ ಐಸ್‌ಕ್ರೀಮ್ ಮಾಯವಾಗುತ್ತಿದ್ದಾಗ ದೊಡ್ಡ ಡಾಕ್ಟರಮ್ಮನನ್ನೇ ಹಿಡಿದುಕೊಟ್ಟವರು ಅವರು. ಅಂಥ ಪತ್ತೆಗಳಲ್ಲೆಲ್ಲ ನರ್ಸೇ ಅವರ ಬಲಗೈ.

ಟೈಲರಮ್ಮ ಬಂದು ಕೆಳಸಾಲಿನ ಚೌಕಟ್ಟೊಂದನ್ನು ತಿರುಗಿಸಿ ನೋಡಿದರು. "ಹೊಲಿಗೆ ಬಿಚ್ಚಿರೋದು ನೋಡಿದ್ರೆ ಬಿಚ್ಚಿದೋರ ಮನಸ್ಸು ಗೊತ್ತಾಗುತ್ತೆ ಮಗಳೇ. ಸಿಟ್ಟಲ್ಲಿ ಬಿಚ್ಚಿದ್ರೆ ಬಟ್ಟೆ ಹರಿದಿರುತ್ತೆ. ಇಲ್ಲಿ ಒಂದು ಮೊಳೆನೂ ಬಾಗಿಲ್ಲ, ಗಾಜನ್ನೂ ಒರೆಸಿದ್ದಾರೆ." ಮೇಲಿನ ಸಾಲಿಗೆ ಕೈ ಚಾಚಿದರು, ಎಟುಕಲಿಲ್ಲ. ನರ್ಸ್ ಕುರ್ಚಿ ಹತ್ತಿದರೂ ಎಟುಕಲಿಲ್ಲ. "ಫೋಟೋ ಹಿಂದೆ ಏನಾದ್ರೂ ಬರೆದಿರುತ್ತಾ?"

"ಆ ಮಗುವಿನ ಫೈಲ್ ನಂಬರ್."

"ಹೌದಾ!" ಎಂದವರು ವಾರ್ಡಿನತ್ತ ಹೆಜ್ಜೆ ಹಾಕಿದರು.

ವಾರ್ಡಿನಲ್ಲಿ ತಾಯಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. "ನಾನು ಮುಟ್ಟಿಲ್ಲ ಸಿಸ್ಟರ್. ಆಣೆ ಮಾಡಿ ಹೇಳ್ತೀನಿ."

ಗುಬ್ಬಿ ಮಾತ್ರ ಹಿಗ್ಗಿ ಹೀರೇಕಾಯಿ ಆಗಿದ್ದಳು. ಆಪರೇಷನ್ನಿಗೆಂದು ಹಸಿದ ಹೊಟ್ಟೆ; ಆದರೆ ಸೀಳಿದ ತುಟಿಯ ಮೇಲೆ ಪೆನ್ನಿನಿಂದ ಬರೆದುಕೊಂಡ ಪೊರಕೆಯಂಥ ಮೀಸೆ! ನರ್ಸ್ ಒರೆಸಲು ಹೋದರೆ ಎರಡೂ ಕೈಯಿಂದ ಮುಚ್ಚಿಕೊಂಡಳು.

"ನಿನ್ನೆವರೆಗೂ ಸೆರಗಲ್ಲಿ ಮುಖ ಮುಚ್ಕೋತಿದ್ಲು," ಎಂದಳು ತಾಯಿ. "ಸಂಜೆ ನಾನು ನೀರು ತರೋಕೆ ಹೋಗಿ ಬರೋದ್ರೊಳಗೆ ಏನಾಯ್ತೋ, ಕನ್ನಡಿ ಕೇಳ್ತಾಳೆ, ಪೆನ್ ಕೇಳ್ತಾಳೆ."

ಟೈಲರಮ್ಮ ಮಗುವಿನ ಮೀಸೆಯನ್ನೇ ಬಹಳ ಹೊತ್ತು ನೋಡಿದರು. ನಂತರ ಗುಬ್ಬಿಯ ಫೈಲ್ ತರಲು ನರ್ಸನ್ನು ದಾಖಲೆ ಕೋಣೆಗೆ ಕಳಿಸಿದರು. ತಿಂಗಳಿಂದ ಕತ್ತಲಾಗಿದ್ದ ಆ ಕೋಣೆಯಲ್ಲಿ ಈಗ ಝಗ್ಗೆಂದು ಬೆಳಕು. ಹಳೆಯ ಫೈಲುಗಳ ಮೇಲೆ ಬೆರಳು ದಪ್ಪ ಧೂಳು. ನಡುನಡುವೆ ಕೆಲವು ಮಾತ್ರ ಧೂಳು ಕೊಡವಿಕೊಂಡು ಒಂದಿಷ್ಟು ಮುಂದೆ ಚಾಚಿದ್ದವು. ನರ್ಸ್ ಬಂದು ಅದನ್ನೂ ಹೇಳಿದಳು.

"ಎಷ್ಟಿವೆ?"

"ಎಣಿಸಿಲ್ಲ."

"ಎಣಿಸೋದು ಬೇಡ ಬಿಡು, ನಂಗೊತ್ತು. ಹತ್ತು ಗಂಟೆಗೆ ಎಲ್ರನ್ನೂ ಕಾರಿಡಾರಿಗೆ ಕರಿ. ಕರೆಂಟಣ್ಣ ಎಲ್ಲಿ?" ಆಸ್ಪತ್ರೆಯ ದೀಪ, ವೈರುಗಳೆಲ್ಲ ನೋಡಿಕೊಳ್ಳುವವನು ಅವನೇ.

"ಆಪರೇಷನ್ ಥಿಯೇಟರ್ ದೀಪದ ಬಲ್ಬು ತರೋಕೆ ನಸುಕಲ್ಲೇ ಪೇಟೆಗೆ ಹೋದನಂತೆ. ಇಷ್ಟೆಲ್ಲ ರಾದ್ಧಾಂತ ಆಗಿರೋದು ಅವನಿಗೆ ಗೊತ್ತೇ ಇಲ್ಲ."

ಹತ್ತಕ್ಕೆ ಕಾರಿಡಾರು ತುಂಬಿತು. ಬೇಕರಿ ಅಮ್ಮನ ಸೀರೆಯಂಚಿಗೆ ಇನ್ನೂ ಹಿಟ್ಟು ಮೆತ್ತಿತ್ತು. ದೊಡ್ಡ ಡಾಕ್ಟರಮ್ಮ ಗಡಿಯಾರ ನೋಡುತ್ತಿದ್ದರು. ಮಗುವನ್ನೆತ್ತಿಕೊಂಡ ತಾಯಿ ಮೂಲೆಯಲ್ಲಿ ನಿಂತಿದ್ದಳು. ಕೊನೆಗೆ ಬಲ್ಬಿನ ಡಬ್ಬ ಅಪ್ಪಿಕೊಂಡು ಕರೆಂಟಣ್ಣ ಬಂದ. ಜನ ಕಂಡು ಅವನ ದಪ್ಪ ಮೀಸೆ ಸಣ್ಣಗೆ ನಡುಗಿತು.

"ಈ ತಾಯಿ ಕದ್ದಿಲ್ಲ," ಟೈಲರಮ್ಮ ಶುರುಮಾಡಿದರು. "ಮೇಲಿನ ಸಾಲು ನಮ್ಮ ಸಿಸ್ಟರಿಗೆ ಕುರ್ಚಿ ಹತ್ತಿದ್ರೂ ಎಟುಕಲ್ಲ, ಇನ್ನು ಮಗು ಹೊತ್ತ ಗಿಡ್ಡ ಹೆಂಗಸಿಗೆ ಎಟುಕುತ್ತಾ? ಏಣಿ ಬೇಕು. ಏಣಿ ಹತ್ತಿ ಇಪ್ಪತ್ತೆರಡು ಚೌಕಟ್ಟು ಇಳಿಸಿದ್ರೂ ಯಾರೂ ಯಾಕಪ್ಪಾ ಅಂತ ಕೇಳ್ಬಾರ್ದು. ನಿನ್ನೆ ಸಂಜೆ ಇಲ್ಲಿ ಟ್ಯೂಬ್‌ಲೈಟ್ ಹಾಕಿದೋರು ಯಾರು? ದಾಖಲೆ ಕೋಣೆಗೆ ಹಾಕಿದೋರು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

"ಆದ್ರೆ ಕಳವು ಅನ್ಬೇಡಿ. ಫೋಟೋ ಹಿಂದೆ ನಂಬರ್ ಇದೆ, ದಾಖಲೆ ಕೋಣೇಲಿ ಇಪ್ಪತ್ತೆರಡು ಹಳೇ ಫೈಲಿನ ಧೂಳು ಹೋಗಿದೆ. ಒಂದೊಂದು ಮಗುವಿನ ಫೋಟೋನೂ ಅದರದರ ಫೈಲಿಗೇ ಹೋಗಿದೆ."

ಮ್ಯಾನೇಜರ್ ಓಡಿಹೋಗಿ ಮೂರು ಫೈಲ್ ತಂದು ಬಿಡಿಸಿದರು. ಮೂರರಲ್ಲೂ ಫೋಟೋ ಇತ್ತು.

"ಹಾಗಾದ್ರೆ ಆ ಒಂದನ್ನ ಯಾಕೆ ಬಿಟ್ಟ?" ಎಂದು ಕೇಳಿದವಳು ನರ್ಸ್.

"ಅದಕ್ಕೆ ಉತ್ತರ ಗುಬ್ಬಿ ಮುಖದ ಮೇಲಿದೆ. ಸೀಳುತುಟಿ ಅಂತ ಮುಖ ಮುಚ್ಕೋತಿದ್ದ ಮಗು ಇದ್ದಕ್ಕಿದ್ದಂತೆ ಅದೇ ಜಾಗಕ್ಕೆ ಮೀಸೆ ಬರ್ಕೊಂಡು ಹಿಗ್ಗುತ್ತೆ ಅಂದ್ರೆ, ಯಾರೋ ತಮ್ಮ ಮೀಸೆ ಕೆಳಗಿರೋದನ್ನ ಅವಳಿಗೆ ತೋರಿಸಿದ್ದಾರೆ. ಮೀಸೆ ಮ್ಯಾನೇಜರಿಗೂ ಇದೆ. ಅವರು ತಿರುವಿ ತಿರುವಿ ತುಟಿ ಎಲ್ರಿಗೂ ಕಂಡಿದೆ, ಗೀರಿಲ್ಲ. ಕರೆಂಟಣ್ಣಾ, ಆ ಐದು ವರ್ಷದ ಹುಡುಗ ನೀನೇ ಅಲ್ವೇನಪ್ಪಾ?"

ಕರೆಂಟಣ್ಣ ಡಬ್ಬ ಕೆಳಗಿಟ್ಟ. ಎರಡು ಬೆರಳಿನಿಂದ ಮೀಸೆ ಎತ್ತಿದ. ಕೆಳಗೆ ಕೂದಲೆಳೆಯಂಥ ಬಿಳಿ ಗೀರು.

"ಒಂಬತ್ತು ವರ್ಷದಿಂದ ಈ ಗೋಡೆ ಮುಂದೆ ತಲೆ ಬಗ್ಗಿಸ್ಕೊಂಡೇ ಓಡಾಡಿದ್ದೀನಿ," ಎಂದ ಅವನು. "ನಿನ್ನೆ ಏಣಿ ಮೇಲಿದ್ದಾಗ ಈ ಅಕ್ಕನ ಮಾತು ಕೇಳಿಸ್ತು. ನಾನು ದೊಡ್ಡೋನು, ನನ್ನ ಫೋಟೋ ಇರ್ಲಿ ಅಂತ ನಾನೇ ಹೇಳಬಹುದು. ಆ ಇಪ್ಪತ್ತೆರಡು ಮಕ್ಕಳನ್ನ ಯಾರು ಕೇಳಿದ್ರು? ಆದ್ರೆ ಅಕ್ಕನ ತಲೆ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತಕ್ಕ."

ಬೇಕರಿ ಅಮ್ಮ ಅವನ ಹತ್ತಿರ ಹೋಗಿ ಮೀಸೆಯ ಕೆಳಗೆ ಇಣುಕಿದರು. "ಅಯ್ಯೋ, ಎಷ್ಟು ಚೆನ್ನಾಗಿ ಕೂಡಿದೆ! ಮ್ಯಾನೇಜರೇ, ನಾನು ಈ ಗೋಡೆಯ ಎಡಗಡೆ ಯಾವತ್ತೂ ನೋಡಿದೋಳಲ್ಲ. ಅಳು ಬರುತ್ತೆ ಅಂತ ಬರೀ ಬಲಗಡೆ ನೋಡ್ಕೊಂಡು ಹೋಗ್ತಿದ್ದೆ. ಈ ವರ್ಷ ಹತ್ತಲ್ಲ, ಹನ್ನೆರಡು ಮಕ್ಕಳು ನನ್ನ ಲೆಕ್ಕಕ್ಕೆ. ಫೋಟೋ ಕೇಳಲ್ಲ."

ಮ್ಯಾನೇಜರರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಮನುಷ್ಯ ಕೆಟ್ಟವರಲ್ಲ. ತಾಯಿಯ ಮುಂದೆ ಕೈ ಮುಗಿದು, "ಹಣ ನಿಂತುಹೋದ್ರೆ ಮಕ್ಕಳ ಗತಿ ಏನು ಅನ್ನೋ ಭಯ ತಾಯಿ. ಕ್ಷಮಿಸು," ಎಂದರು.

"ಮಾತು ಸಾಕು! ಮಗು ಹಸಿದಿದೆ," ದೊಡ್ಡ ಡಾಕ್ಟರಮ್ಮ ಗದರಿದರು. "ಬಲ್ಬ್ ಹಾಕಪ್ಪಾ. ಸಿಸ್ಟರ್, ಮೊದಲು ಆ ಮೀಸೆ ಒರೆಸು."

ಮೀಸೆ ಒರೆಸಲು ಗುಬ್ಬಿ ಒಪ್ಪಿದ್ದು ಕರೆಂಟಣ್ಣ ಬಂದು ಕೇಳಿಕೊಂಡ ಮೇಲೆಯೇ. ಒಂದೂವರೆ ಗಂಟೆ ತಾಯಿ ಥಿಯೇಟರಿನ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಬಾಗಿಲು ತೆರೆದು ನರ್ಸ್ ಮಗುವಿನ ಮುಖ ತೋರಿಸಿದಾಗ ಅವಳು ನಗಲೂ ಆಗದೆ ಅಳಲೂ ಆಗದೆ ನರ್ಸಿನ ಭುಜ ಹಿಡಿದುಕೊಂಡು ನಿಂತುಬಿಟ್ಟಳು.

ತಿಂಗಳು ಕಳೆದು ತಾಯಿ ಮಗಳಿಬ್ಬರೂ ತೋರಿಸಿಕೊಳ್ಳಲು ಬಂದರು. ಗುಬ್ಬಿ ಸೀದಾ ಹೊಲಿಗೆ ಕೋಣೆಗೆ ನುಗ್ಗಿದಳು. ಮೇಜಿನ ಮೇಲೆ ಟೈಲರಮ್ಮ ಬಣ್ಣಬಣ್ಣದ ದಾರದ ತುಂಡುಗಳನ್ನು ಗುಡ್ಡೆ ಹಾಕಿದ್ದರು. ಮಗು ಹಿಂದೆಂದೂ ಕೂಡದಿದ್ದ ಎರಡೂ ತುಟಿ ಕೂಡಿಸಿ ಗುಂಡಗೆ ಮಾಡಿ, ಕೆನ್ನೆ ಉಬ್ಬಿಸಿ, ಫೂ ಎಂದು ಊದಿತು.

ದಾರವೆಲ್ಲ ಹಾರಿ ಟೈಲರಮ್ಮನ ತಲೆ, ಕನ್ನಡಕ, ಸೀರೆಗೆಲ್ಲ ಮೆತ್ತಿತು. ಇನ್ನು ಬೈಗುಳ ಗ್ಯಾರಂಟಿ ಎಂದು ನರ್ಸ್ ಮಗುವನ್ನು ಕರೆದೊಯ್ಯಲು ಬಾಗಿಲಿನಿಂದ ಮುಂದೆ ಬಂದಳು.

ಟೈಲರಮ್ಮ ಎರಡೂ ಕೈಯಿಂದ ದಾರಗಳನ್ನು ಬಾಚಿ ಮತ್ತೆ ಗುಡ್ಡೆ ಹಾಕಿದರು.

"ಇನ್ನೊಂದ್ಸಲ," ಎಂದರು.