ಸೋಮವಾರ, ಶುಕ್ರವಾರ ಬಾರದ ಭಜನೆ

ಗಣಿತದ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೂರು ದಿನ ಮೊದಲೇ ಹುಡುಗರ ಮೊಬೈಲಿನಲ್ಲಿತ್ತು!

ಶಿವಮೊಗ್ಗದ ಆ ಖಾಸಗಿ ಪಿಯು ಕಾಲೇಜಿನಲ್ಲಿ ಪತ್ರಿಕೆ ತಯಾರಿಸಿದ್ದವರು ಉಪನ್ಯಾಸಕಿ ಕವನ. ಜನವರಿಯ ಒಂದು ಶುಕ್ರವಾರ, ಸಂಜೆ ಆರು ನಲವತ್ತಕ್ಕೆ, ಯಾರೋ ಸುಳ್ಳು ಹೆಸರಿನಲ್ಲಿ ಅದರ ಫೋಟೋ ಹರಿಯಬಿಟ್ಟಿದ್ದರು. ಪೊಲೀಸರು ಕೇಳಿದಾಗ ಇಂಟರ್ನೆಟ್ ಕೊಡುವ ಕೇಬಲ್ ಕಂಪನಿ ಉತ್ತರ ಬರೆಯಿತು — ಆ ಹೊತ್ತಿನಲ್ಲಿ ಫೋಟೋ ಹೊರಟ ಐಪಿ ಅಡ್ರೆಸ್, ಅಂದರೆ ನೆಟ್ಟಿನ ವಿಳಾಸ, ಇದ್ದದ್ದು ರವೀಂದ್ರನಗರದ ಕವನ ಅವರ ಮೋಡೆಮ್ಮಿಗೆ.

ಸೋಮವಾರ ವಿಚಾರಣೆ. ನಿರಪರಾಧಿ ಎಂದು ತೋರಿಸದಿದ್ದರೆ ಕೆಲಸ ಹೋಗುತ್ತದೆ, ಮೇಲೊಂದು ಕೇಸು. ಪತ್ರಿಕೆ ಮಾರಿದವಳು ಎಂಬ ಹೆಸರು ಹೊತ್ತವರಿಗೆ ಇನ್ಯಾವ ಕಾಲೇಜು ಬಾಗಿಲು ತೆರೆಯುತ್ತದೆ?

ನಾನು ಭೀಮೇಶ್, ಕವನ ಅವರ ವಕೀಲ. ಮೋಡೆಮ್ ಎಂದರೆ ದೀಪ ಮಿಣುಕುವ ಪೆಟ್ಟಿಗೆ, ನನ್ನ ಜ್ಞಾನ ಅಷ್ಟೇ. ಆದ್ದರಿಂದ ಶನಿವಾರ ಬೆಳಿಗ್ಗೆ ಯಶೋಧರಕ್ಕನನ್ನು ಕರೆದುಕೊಂಡು ಕವನ ಅವರ ಮನೆಗೆ ಹೋದೆ. ಯಶೋಧರಕ್ಕ ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷ ಲೈನಿನ ದೋಷ ಹುಡುಕಿ ನಿವೃತ್ತರಾದವರು. ಮಾತು ಕಡಿಮೆ, ಅನುಮಾನ ಜಾಸ್ತಿ.

“ಆ ಶುಕ್ರವಾರ ಸಂಜೆ ಎಲ್ಲಿದ್ರಿ?” ಯಶೋಧರಕ್ಕ ಕೇಳಿದರು.

“ಇಲ್ಲೇ, ಅತ್ತೆ ಜೊತೆ. ಆದ್ರೆ ನೆಟ್ಟೇ ಇರ್ಲಿಲ್ಲ ಮೇಡಂ! ಆರೂವರೆಗೆ ಕೇಬಲ್ ಯೋಗರಾಜಂಗೆ ಫೋನ್ ಮಾಡಿದೀನಿ. ಆಫ್ ಮಾಡಿ, ನೂರು ಎಣಿಸಿ, ಆನ್ ಮಾಡಿ ಅಂದ. ಮಾಡ್ದೆ. ಐಪಿ ಅಡ್ರೆಸ್ ಸಿಗ್ತಿಲ್ಲ ಅಂತಾನೇ ತೋರಿಸ್ತು.”

“ಕಾಲೇಜಲ್ಲಿ ಹೇಳಿದ್ರಾ?”

“ಹೇಳ್ದೆ. ನೆಪ ಹೇಳ್ಬೇಡಿ, ಲೈನು ಚಾಲೂ ಇತ್ತು ಅಂತ ಕಂಪನಿಯೇ ಬರ್ಕೊಟ್ಟಿದೆ ಅಂದ್ರು.”

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಾನೂ ಆಕೆಯನ್ನು ಪೂರ್ತಿ ನಂಬಿರಲಿಲ್ಲ.

ಯಶೋಧರಕ್ಕ ಮೋಡೆಮ್ಮನ್ನು ಮಗುಚಿ ಚೀಟಿಯಲ್ಲಿದ್ದ ನಂಬರನ್ನು ಓದಿಕೊಂಡರು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಅದರ ಒಳಗಿನ ಸೆಟ್ಟಿಂಗ್ ಪುಟ ತೆರೆದರು.

“ನೋಡು ಮಾರಾಯ. ಬೆನ್ನ ಮೇಲೆ ಒಂದು ನಂಬರ್, ಹೊಟ್ಟೆಯೊಳಗೆ ಇನ್ನೊಂದು! ಆ ಯೋಗರಾಜನ್ನ ಕರೆಸು.”

ಯೋಗರಾಜ ಹತ್ತು ನಿಮಿಷದಲ್ಲಿ ಬಂದ. ಅವನ ಮುಖ ನೋಡಿದಾಗಲೇ ಇವನೇ ಕಳ್ಳ ಎನಿಸಿತು ನನಗೆ.

“ಈ ಪೆಟ್ಟಿಗೆಗೆ ಬೇರೆ ನಂಬರ್ ಯಾರು ತುಂಬಿದ್ದು?”

“ನಾನೇ ಮೇಡಂ. ದೀಪಾವಳಿ ಆದ್ಮೇಲೆ ಹಳೇದು ಸತ್ತೋಯ್ತು, ಹೊಸದು ಹಾಕ್ದೆ. ಹೊಸ ನಂಬರ್ ಆಫೀಸಲ್ಲಿ ದಾಖಲು ಮಾಡ್ಸೋಕೆ ನಾಲ್ಕು ದಿನ ಓಡಾಟ. ಅದಕ್ಕೆ ಹಳೇ ನಂಬರನ್ನೇ ಹೊಸದಕ್ಕೆ ತುಂಬಿಸ್ಬಿಟ್ಟೆ. ನಮ್ಮಲ್ಲಿ ಎಲ್ಲರೂ ಹಂಗೇ ಮಾಡೋದು...”

“ಹಳೇದು ಎಲ್ಲಿ?”

ಕವನ ಹೇಳಿದರು. “ಕಾಲೇಜ್ ಲ್ಯಾಬಿಗೆ ಕೊಟ್ಟೆ. ಮಕ್ಕಳು ಬಿಚ್ಚಿ ನೋಡ್ಲಿ ಅಂತ.”

“ಅದು ನಿಜವಾಗ್ಲೂ ಸತ್ತಿತ್ತೇನೋ?”

ಯೋಗರಾಜ ತಲೆ ಕೆರೆದುಕೊಂಡ. “ಕರೆಂಟಿನ ಅಡಾಪ್ಟರ್ ಒಂದೇ ಹೋಗಿತ್ತೇನೋ, ಬದಲಾಯ್ಸಿ ನೋಡ್ಲಿಲ್ಲ ಮೇಡಂ.”

ಅಷ್ಟರಲ್ಲಿ ಕವನ ಅವರ ಅತ್ತೆ ಉಚ್ಚಂಗಮ್ಮ ಕಾಫಿ ತಂದರು. ಯಶೋಧರಕ್ಕ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಅಮ್ಮಾ, ನೆಟ್ ಆಗಾಗ ಹೋಗುತ್ತಾ?”

ಮುದುಕಿ ಸೊಸೆಯ ಕಡೆ ನೋಡಿ ದನಿ ತಗ್ಗಿಸಿದರು. “ಅದು ನನ್ನ ತಪ್ಪು ತಾಯಿ. ಸಂಜೆ ದೀಪ ಹಚ್ಚಿ ಟೀವೀಲಿ ಯೂಟ್ಯೂಬ್ ಭಜನೆ ಹಾಕ್ಕೊಂಡು ಕೂರ್ತೀನಿ. ಬೇರೆ ದಿನ ಚೆನ್ನಾಗೇ ಬರುತ್ತೆ. ಸೋಮವಾರ, ಶುಕ್ರವಾರ, ನಾನು ಒಪ್ಪತ್ತು ಇರೋ ದಿನವೇ ನಿಂತೋಗ್ತಿತ್ತು! ವ್ರತದಲ್ಲಿ ಏನೋ ಲೋಪ ಆಗಿದೆ ಅಂತ ಹರಕೆ ಹೊತ್ಕೊಂಡೆ. ಯಾರಿಗೂ ಹೇಳ್ಲಿಲ್ಲ.”

“ಈಗ?”

“ಎರಡು ವಾರದಿಂದ ಒಂದು ದಿನಾನೂ ನಿಂತಿಲ್ಲ. ದೇವರು ಕಣ್ಬಿಟ್ಟ.”

ಮುದುಕಿಯ ಹರಕೆಗೂ ನನ್ನ ಕೇಸಿಗೂ ಎಲ್ಲಿಂದೆಲ್ಲಿಯ ಸಂಬಂಧ? ನಾನು ಗಡಿಯಾರ ನೋಡಿದೆ. ಯಶೋಧರಕ್ಕ ಮಾತ್ರ ಕಾಫಿ ಲೋಟ ಕೆಳಗಿಟ್ಟರು.

“ಕವನ, ನೋಟಿಸು ಕೈಗೆ ಬಂದದ್ದು ಯಾವತ್ತು?”

“ಇವತ್ತಿಗೆ ಎರಡು ವಾರ. ಶನಿವಾರ.”

“ಯಾರ್‍ಯಾರಿಗೆ ತೋರಿಸಿದ್ರಿ?”

ಕವನ ಎರಡು ಹೆಸರು ಹೇಳಿದರು. ಒಂದು ನನ್ನದು. ಯಶೋಧರಕ್ಕ ಮತ್ತೇನೂ ಕೇಳದೆ ಯೋಗರಾಜನನ್ನು ಕರೆದುಕೊಂಡು ಕಂಪನಿಯ ಆಫೀಸಿಗೆ ಹೋದರು.

ಭಾನುವಾರ ಮಧ್ಯಾಹ್ನ ನಾವು ಭದ್ರಾವತಿಯಲ್ಲಿದ್ದೆವು. ಕವನ ಹೇಳಿದ ಇನ್ನೊಂದು ಹೆಸರು, ಅವರ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಭೌತಶಾಸ್ತ್ರದ ಉಪನ್ಯಾಸಕ ವೀರೇಂದ್ರ ಅವರ ಮನೆ. ಗೇಟಿಗೆ ಟ್ಯೂಷನ್ ಬೋರ್ಡು — ಭೌತಶಾಸ್ತ್ರ, ಗಣಿತ. ಸೋಮವಾರ ಮತ್ತು ಶುಕ್ರವಾರ, ಸಂಜೆ ಆರರಿಂದ ಎಂಟು. ಯಶೋಧರಕ್ಕನ ಮಾತಿಗೆ ಪ್ರಿನ್ಸಿಪಾಲ್ ಷಡಕ್ಷರಪ್ಪನವರೂ ಬಂದಿದ್ದರು. ಕವನ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತರು.

“ಕವನ ಕೊಟ್ಟ ಮೋಡೆಮ್ ಎಲ್ಲಿದೆ ವೀರೇಂದ್ರ ಅವರೇ?” ಯಶೋಧರಕ್ಕ ನೇರವಾಗಿ ಕೇಳಿದರು.

“ಅದಾ? ಕೆಟ್ಟಿತ್ತಲ್ಲ. ಲ್ಯಾಬಿಂದ ಗುಜರಿಗೆ ಹೋಗಿರ್ಬೇಕು.”

“ಗುಜರಿಗೆ ಹೋಗಿದ್ದು ಭದ್ರಾವತಿಯ ನಿಮ್ಮ ಬೀದಿಯ ಲೈನಲ್ಲಿ ಹೇಗೆ ಹತ್ಕೊಳ್ತು?” ಆ ನಂಬರ್ ಯಾವಾಗ, ಯಾವ ಬೀದಿಯಲ್ಲಿ ಹತ್ತಿಕೊಂಡಿತೆಂಬ ಕಂಪನಿಯ ಪಟ್ಟಿಯನ್ನು ಅವರು ಪ್ರಿನ್ಸಿಪಾಲರ ಮುಂದಿಟ್ಟರು. “ಕಂಪನಿ ಮನೆ ನೋಡಿ ಐಪಿ ಅಡ್ರೆಸ್ ಕೊಡಲ್ಲ ಸಾರ್, ಮೋಡೆಮ್ಮಿನ ನಂಬರ್ ನೋಡಿ ಕೊಡುತ್ತೆ. ಒಂದೇ ನಂಬರಿನ ಪೆಟ್ಟಿಗೆ ಎರಡಾದ್ರೆ ಅಡ್ರೆಸ್ ಒಂದಕ್ಕೇ ಸಿಗೋದು, ಇನ್ನೊಂದಕ್ಕೆ ಉಪವಾಸ. ಇವರು ಟೀವಿ ಕೇಬಲ್ಲಿಗೆ ಹಳೇ ಮೋಡೆಮ್ ಸಿಕ್ಕಿಸಿದ್ರು, ಪುಕ್ಕಟೆ ನೆಟ್ ಬಂತು. ಟ್ಯೂಷನ್ ದಿನ ಇಲ್ಲಿ ಹತ್ತಿಸಿದಾಗೆಲ್ಲ ರವೀಂದ್ರನಗರದಲ್ಲಿ ಭಜನೆ ನಿಲ್ತಿತ್ತು. ಆ ಶುಕ್ರವಾರ ಕವನ ಕೈಲಿ ಅಡ್ರೆಸ್ಸೇ ಇರ್ಲಿಲ್ಲ. ಇಲ್ದಿರೋ ಅಡ್ರೆಸ್ಸಿಂದ ಪತ್ರಿಕೆ ಹೇಗೆ ಕಳಿಸ್ತಾರೆ?”

“ಲ್ಯಾಬಿಂದ ಯಾರು ಬೇಕಾದ್ರೂ ತಂದಿರಬಹುದು!” ವೀರೇಂದ್ರ ಎದ್ದು ನಿಂತರು. “ನಮ್ಮ ಬೀದೀಲಿ ನಾನೊಬ್ಬನೇ ಇದೀನಾ? ಪತ್ರಿಕೆ ಇದ್ದ ಕಾಲೇಜಿನ ಬೀರುವಿನ ಕೀಲಿ ನನ್ನ ಹತ್ರ ಮಾತ್ರ ಅಲ್ಲ, ಪ್ರಿನ್ಸಿಪಾಲ್ ಹತ್ರಾನೂ ಇತ್ತು!”

“ಇತ್ತು. ಆದ್ರೆ ಕಂಪನಿಯ ಉತ್ತರ ಪ್ರಿನ್ಸಿಪಾಲರಿಗೆ ನೋಟಿಸಿಗಿಂತ ಎಂಟು ದಿನ ಮೊದಲೇ ಬಂದಿತ್ತು. ಅವರೇ ಆಗಿದ್ರೆ ಅವತ್ತೇ ಪೆಟ್ಟಿಗೆ ಕಿತ್ತಿಡ್ತಿದ್ರು; ಆದ್ರೆ ಆ ಎಂಟು ದಿನದಲ್ಲೂ ಸೋಮವಾರ, ಶುಕ್ರವಾರ ನೆಟ್ ಕೈ ಕೊಡ್ತಾನೇ ಇತ್ತು. ಆ ಕಾಟ ನಿಂತದ್ದು ಯಾವಾಗ? ಕವನ ನೋಟಿಸು ತೋರಿಸಿದ ಶನಿವಾರದಿಂದ. ಅದನ್ನ ನೋಡಿದವರು ಇಬ್ಬರೇ. ಭೀಮೇಶನಿಗೆ ಮೋಡೆಮ್ ಯಾವ್ದು, ಟಾರ್ಚು ಯಾವ್ದು ಗೊತ್ತಿಲ್ಲ. ಇನ್ನೊಬ್ಬರು ನೀವು. ಐಪಿ ಅಡ್ರೆಸ್ ಅನ್ನೋ ಮಾತು ಓದಿದ ತಕ್ಷಣ ನಿಮಗೆ ಅರ್ಥ ಆಯ್ತು. ಅವತ್ತೇ ಪೆಟ್ಟಿಗೆ ಕಿತ್ತಿಟ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ.”

ವೀರೇಂದ್ರ ಕುಳಿತುಬಿಟ್ಟರು.

“ಬ್ಯಾಚು ಫೇಲಾದ್ರೆ ಟ್ಯೂಷನ್ ಮುಚ್ಚಬೇಕಾಗಿತ್ತು,” ಎಂದರು. “ಮೇಡಂ ಮೇಲೆ ಬರ್ಲಿ ಅಂತ ಮಾಡಿದ್ದಲ್ಲ. ನೋಟಿಸು ನೋಡೋವರೆಗೂ ನಂಗೆ ಗೊತ್ತೇ ಇರ್ಲಿಲ್ಲ.”

“ಆಮೇಲೆ ಗೊತ್ತಾಯ್ತಲ್ಲ?” ಕವನ ಮೊದಲ ಸಲ ಬಾಯಿ ತೆರೆದರು. “ಹದಿನಾಲ್ಕು ದಿನ ನನ್ನ ಪಕ್ಕದ ಕುರ್ಚೀಲಿ ಕೂತಿದ್ರಿ. ಧೈರ್ಯವಾಗಿರಿ ಮೇಡಂ, ಸತ್ಯಕ್ಕೆ ಸಾವಿಲ್ಲ ಅಂತ ನೀವೇ ಹೇಳಿದ್ರಿ.”

ನನಗೆ ಸಿಟ್ಟು ಬಂತು. ಆದರೆ ಆಕೆಯ ಮುಖ ನೋಡಿದ ಮೇಲೆ ನನ್ನ ಸಿಟ್ಟು ಅಲ್ಲಿ ತೀರಾ ಸಣ್ಣದೆನಿಸಿತು.

ಷಡಕ್ಷರಪ್ಪನವರು ಕಾಗದ, ಪೆನ್ನು ಮುಂದೆ ತಳ್ಳಿದರು. ವೀರೇಂದ್ರ ಅರ್ಧ ಪುಟ ಬರೆದು ಸಹಿ ಹಾಕಿದರು. ಪ್ರಿನ್ಸಿಪಾಲರು ಓದಿ, ಸಾಕು ಎಂದು ಮಡಚತೊಡಗಿದರು. ಕವನ ಕೈ ಚಾಚಿ ಕಾಗದ ಇಸಿದುಕೊಂಡು ತಾವೇ ಓದಿದರು.

“ಸಹೋದ್ಯೋಗಿಯೊಬ್ಬರ ಮೇಲೆ ತಪ್ಪು ಅಪವಾದ ಬಂದಿದೆ ಅಂತ ಬರ್ದಿದೀರಿ,” ಎಂದರು. “ಯಾವ ಸಹೋದ್ಯೋಗಿ? ಅಪವಾದ ಹೊರ್ಸುವಾಗ ನನ್ನ ಹೆಸರು, ನಮ್ಮನೆ ವಿಳಾಸ ಎಲ್ಲಾ ಇತ್ತು. ಇದ್ರಲ್ಲೂ ಇರ್ಲಿ.”

ವೀರೇಂದ್ರ ಮತ್ತೆ ಪೆನ್ನು ತೆಗೆದುಕೊಂಡರು. ಕವನ ಪಕ್ಕದಲ್ಲಿ ನಿಂತು, ಪಾಠ ಹೇಳುವ ದನಿಯಲ್ಲಿ, ತಮ್ಮ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ ಬರೆಸಿದರು.