ಎರಡನೆಯ ಸಲದ ಬಿಗಿ

ಅಂತ್ಯಕ್ರಿಯೆ ಮುಗಿಸಿ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ನನ್ನೊಬ್ಬಳಿಗೇ ಚಹಾ ಮಾಡಿಕೊಂಡೆ. ಕಾರ್ ಶೆಡ್ಡಿನಿಂದ ಕಟಕಟ ಸದ್ದು ಬಂತು. ನನ್ನ ಗಂಡ ನಟ್ ಬಿಗಿಯುವಾಗ ಬರುತ್ತಿದ್ದ ಸದ್ದು ಅದು. ಹೋಗಿ ನೋಡಿದರೆ ಯಾರೂ ಇರಲಿಲ್ಲ. ಅವನು ಸಾಯುವ ಹಿಂದಿನ ದಿನ ಎಂಜಿನ್ನಿಗೆ ಕೂರಿಸಿದ್ದ, ಹೊಗೆ ಹೊರಹಾಕುವ ಹೊಸ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಮುಟ್ಟಿದೆ. ಬೆರಳು ಸುಟ್ಟಿತು.

ಮೂರು ಬೆಳಿಗ್ಗೆಯೂ ಹೀಗೇ ಆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಸದ್ದು ನಿಂತುಹೋದೀತೆಂಬ ಭಯ.

ನಾಲ್ಕನೆಯ ದಿನ ಮೆಕ್ಯಾನಿಕ್ ಅಣ್ಣ ನನ್ನ ಗಂಡನಿಗೆ ಕೊಟ್ಟಿದ್ದ ಸ್ಪ್ಯಾನರ್ ಕೇಳಿಕೊಂಡು ಬಂದರು.

"ಇನ್ನೊಂದು ದಿನ ಇರ್ಲಿ ಅಣ್ಣ."

"ಇರ್ಲಿ ಬಿಡಮ್ಮ. ನಿನ್ನ ಗಂಡ ಏನು ಇಸ್ಕೊಂಡ್ರೂ ಅದಕ್ಕೆ ಗಡ್ಡ ಬರೋ ತನಕ ಕೊಟ್ಟೋನಲ್ಲ," ಎನ್ನುತ್ತಾ ಎಂಜಿನ್ನಿನ ಮೇಲೆ ಬಗ್ಗಿ ನಟ್‌ಗಳನ್ನು ಒಂದೊಂದಾಗಿ ಹಿಡಿದು ನೋಡಿದರು. "ಎಂಜಿನ್ ಓಡ್ಸಿ ಕಾಯ್ಸು, ಆರಿದ್ಮೇಲೆ ಇನ್ನೊಂದ್ಸಲ ಬಿಗಿ ಮಾಡು ಅಂತ ಅವ್ನಿಗೆ ಹೇಳಿದ್ದೆ. ಕಾದು ಬಣ್ಣಾನೂ ತಿರುಗಿದೆ, ಬಿಗೀನೂ ಆಗಿದೆ. ಪರವಾಗಿಲ್ವೇ!"

"ಹಾಗಾದ್ರೆ ಇನ್ನೇನೂ ಕೆಲ್ಸ ಉಳಿದಿಲ್ವಾ ಅಣ್ಣ?"

"ಏನೂ ಇಲ್ಲಮ್ಮ."

ಆಗ ಅವರ ಕಣ್ಣು ಬ್ಯಾಟರಿಯ ಖಾಲಿ ಜಾಗದ ಮೇಲೆ ಬಿತ್ತು. ರಿಪೇರಿ ಶುರುವಾದ ದಿನದಿಂದ ಬ್ಯಾಟರಿ ಅವರ ಅಂಗಡಿಯಲ್ಲೇ ಇತ್ತು. ಅದಿಲ್ಲದೆ ಎಂಜಿನ್ ಓಡುವಂತಿರಲಿಲ್ಲ.

ನಾನು ಸ್ಪ್ಯಾನರನ್ನು ಒರೆಸಿ ಅವರ ಕೈಗಿಟ್ಟೆ.